ಓದುಗರ ಪ್ರಶ್ನೆ, ನಮ್ಮ ಉತ್ತರ: ಮನೆಯಲ್ಲಿ ಇಂಗ್ಲಿಷ್ ಏಲ್, ಸಿಗದ ಪದಾರ್ಥಕ್ಕೆ ಬದಲಿ

ಹುದುಗು ಬರಿಸಿ ಮಾಡುವ ತಿನಿಸು ಮತ್ತು ಪಾನೀಯಗಳ ಕುರಿತು ಬಂದ ಪತ್ರಗಳಲ್ಲಿ ಹಲವು ಇಂಗ್ಲೆಂಡಿನ ಸಾಂಪ್ರದಾಯಿಕ ಬಿಯರ್ ಆದ ಏಲ್ ಬಗ್ಗೆಯೇ ಇವೆ. ಬರೆದವರಲ್ಲಿ ಹೆಚ್ಚಿನವರು ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರು. ವಿಷಯ ಒಂದೇ ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇವೆ. ಕಾನೂನಿನ ವಿಚಾರ ಕಡೆಯ ಉತ್ತರದಲ್ಲಿದೆ. ಕರ್ನಾಟಕದಲ್ಲಿರುವ ಓದುಗರು ಅದನ್ನು ಮೊದಲು ಓದಿಕೊಳ್ಳಬೇಕೆಂದು ವಿನಂತಿ.

ಪ್ರಶ್ನೆ: ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಓದುತ್ತಿದ್ದಾಗ ಅಲ್ಲಿಯ ಪಬ್‌ಗಳಲ್ಲಿ ಕೊಡುವ ಬಿಟರ್ ಎಂಬ ಏಲ್ ನನಗೆ ಬಹಳ ಹಿಡಿಸಿತ್ತು. ಈಗ ಅಮೆರಿಕದ ಒಹಾಯೊ ರಾಜ್ಯದಲ್ಲಿದ್ದೇನೆ. ಮನೆಯಲ್ಲೇ ಅದನ್ನು ತಯಾರಿಸೋಣವೆಂದು ಹಳೆಯ ಇಂಗ್ಲಿಷ್ ಪಾಕಪುಸ್ತಕವೊಂದನ್ನು ತೆರೆದರೆ ಮ್ಯಾರಿಸ್ ಆಟರ್ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ), ಈಸ್ಟ್ ಕೆಂಟ್ ಗೋಲ್ಡಿಂಗ್ಸ್ ಹಾಪ್ (ಕಹಿ, ಪರಿಮಳ ಕೊಡುವ ಹೂ), ಇನ್‌ವರ್ಟ್ ಸಕ್ಕರೆ (ಆಮ್ಲ ಸೇರಿಸಿ ಕಾಯಿಸಿದ ಸಕ್ಕರೆ ಪಾಕ), ಬರ್ಟನ್ ನೀರು ಎಂದೆಲ್ಲ ಇದೆ. ನಮ್ಮ ಊರಿನ ಅಂಗಡಿಯಲ್ಲಿ ಅಮೆರಿಕದ ಎರಡು ಸಾಲಿನ ಬಾರ್ಲಿಯ ಮಾಲ್ಟ್, ಇಲ್ಲಿಯವೇ ಆದ ಹಾಪ್‌ಗಳು, ಕೆಲವು ಬಗೆಯ ಒಣ ಯೀಸ್ಟ್ ಇವಿಷ್ಟೇ ದೊರೆಯುತ್ತವೆ. ಯಾವುದಕ್ಕೆ ಯಾವುದನ್ನು ಬದಲಿಯಾಗಿ ಹಾಕಬಹುದು?

ಉತ್ತರ: ಬದಲಿ ಹುಡುಕಲು ಹೊರಡುವ ಮುನ್ನ ಮೂಲ ಪದಾರ್ಥವು ಏಲ್‌ನಲ್ಲಿ ಯಾವ ಕೆಲಸ ಮಾಡುತ್ತದೆಂಬುದನ್ನು ಕೇಳಿಕೊಂಡರೆ ಅರ್ಧ ಗೊಂದಲ ಕಳೆಯುತ್ತದೆ. ಹೆಸರು ಹತ್ತಿರವಿದ್ದ ಮಾತ್ರಕ್ಕೆ ಕೆಲಸವೂ ಹತ್ತಿರವಿರುತ್ತದೆಂದು ಹೇಳಲಾಗದು. ನಮ್ಮ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇವೆ: ಮಾಲ್ಟ್, ಹಾಪ್, ಸಕ್ಕರೆ, ನೀರು ಈ ನಾಲ್ಕಕ್ಕೂ ನೀವಿರುವಲ್ಲಿಯೇ ತಕ್ಕ ಬದಲಿ ಒದಗುತ್ತದೆ, ಆದರೆ ಯೀಸ್ಟ್‌ಗೆ ಮಾತ್ರ ಬದಲಿ ಹುಡುಕಬೇಡಿ. ಹೆಚ್ಚಿನವರು ಮಾಲ್ಟ್ ತರಿಸಲು ದುಬಾರಿ ಅಂಚೆ ವೆಚ್ಚ ತೆತ್ತು, ಯೀಸ್ಟನ್ನು ಕೈಗೆ ಸಿಕ್ಕಿದ್ದಕ್ಕೆ ಒಪ್ಪಿಸಿಬಿಡುತ್ತಾರೆ. ಆಗಬೇಕಾದದ್ದು ಇದರ ತಿರುವುಮುರುವು.

ಮಾಲ್ಟ್‌ನಿಂದ ಆರಂಭಿಸೋಣ. ಮ್ಯಾರಿಸ್ ಆಟರ್ ಎಂಬುದು 1960ರ ದಶಕದಲ್ಲಿ ಕೇಂಬ್ರಿಜ್‌ನ ಸಸ್ಯ ತಳಿ ಸಂಸ್ಥೆಯಲ್ಲಿ ಬೆಳೆಸಿದ, ಶರತ್ಕಾಲದಲ್ಲಿ ಬಿತ್ತುವ ಬಾರ್ಲಿ ತಳಿ. ಇಳುವರಿಯಲ್ಲಿ ಹೊಸ ತಳಿಗಳಿಗೆ ಸೋತರೂ, ಬಿಸ್ಕತ್ತು ಮತ್ತು ಹುರಿದ ಕಾಳನ್ನು ನೆನಪಿಸುವ ಅದರ ತುಂಬು ರುಚಿಯನ್ನು ಬಿಡಲೊಲ್ಲದ ಏಲ್ ತಯಾರಕರಿಂದಾಗಿ ಅದು ಇಂದಿಗೂ ಉಳಿದಿದೆ. ಆ ರುಚಿಯಲ್ಲಿ ತಳಿಯ ಪಾಲು ಇರುವಂತೆಯೇ ಮಾಲ್ಟನ್ನು ಒಣಗಿಸುವಾಗ ಕೊಡುವ ಶಾಖದ ಪಾಲೂ ಇದೆ. ಇಂಗ್ಲೆಂಡಿನ ಏಲ್ ಮಾಲ್ಟನ್ನು ಅಮೆರಿಕದ ಸಾಮಾನ್ಯ ಮಾಲ್ಟಿಗಿಂತ ಸ್ವಲ್ಪ ಹೆಚ್ಚು ಬಿಸಿಯಲ್ಲಿ ಒಣಗಿಸುತ್ತಾರೆ. ಹಾಗಾಗಿ ನಿಮ್ಮೂರಿನ ಎರಡು ಸಾಲಿನ ಮಾಲ್ಟ್‌ಗೆ, ಇನ್ನೂ ಹೆಚ್ಚು ಶಾಖ ಕಂಡ ಮ್ಯೂನಿಕ್ ಮಾಲ್ಟನ್ನು ಹತ್ತರಲ್ಲೊಂದು ಪಾಲಿನಷ್ಟು ಬೆರೆಸಿದರೆ ಕೊರತೆ ಬಹುಮಟ್ಟಿಗೆ ತುಂಬುತ್ತದೆ. ಮ್ಯೂನಿಕ್ ಕೂಡ ಇಲ್ಲವಾದರೆ 200 ಗ್ರಾಂ ಮಾಲ್ಟನ್ನು ತಟ್ಟೆಯಲ್ಲಿ ತೆಳುವಾಗಿ ಹರಡಿ, ಒವನ್‌ನಲ್ಲಿ 150 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಲು ಗಂಟೆಗೆ ತುಸು ಹೆಚ್ಚು ಹೊತ್ತು ಹುರಿಯಿರಿ. ಕಾಳನ್ನು ಹಲ್ಲಿನಿಂದ ಕಡಿದು ನೋಡಿದರೆ ಒಳಗಿನ ಬಿಳಿ ಹಿಟ್ಟು ನಸುಗೆಂಪಿಗೆ ತಿರುಗಿರಬೇಕು, ಕಂದು ಬಣ್ಣಕ್ಕೆ ಹೋಗಿರಬಾರದು. ಹುರಿದ ಕೂಡಲೇ ಬಳಸಿದರೆ ಒಗರು ಬರುತ್ತದೆ; ಒಂದೆರಡು ವಾರ ಕಾಗದದ ಚೀಲದಲ್ಲಿಟ್ಟು ಆಮೇಲೆ ಬಳಸುವುದು ಲೇಸು. ಕ್ರಿಸ್ಟಲ್ ಮಾಲ್ಟ್‌ಗೆ ತೊಂದರೆಯೇ ಇಲ್ಲ, ಅಮೆರಿಕದಲ್ಲಿ ಅದು ಕ್ಯಾರಮೆಲ್ ಮಾಲ್ಟ್ ಎಂಬ ಹೆಸರಿನಲ್ಲಿ ದೊರೆಯುತ್ತದೆ. ಚೀಟಿಯ ಮೇಲೆ 60 ಎಂದು ಬರೆದಿರುವ ಮಧ್ಯಮ ಬಣ್ಣದ್ದನ್ನು ತನ್ನಿ.

ಹಾಪ್‌ನದು ಎರಡು ಕೆಲಸ. ಮೊದಲಿಗೆ ಹಾಕಿ ಒಂದು ಗಂಟೆ ಕುದಿಸುವುದು ಕಹಿಗಾಗಿ, ಕೊನೆಯಲ್ಲಿ ಹಾಕುವುದು ಪರಿಮಳಕ್ಕಾಗಿ. ಕಹಿಗೆ ಯಾವ ತಳಿಯಾದರೂ ನಡೆಯುತ್ತದೆ, ಲೆಕ್ಕ ಮಾತ್ರ ಸರಿಯಾಗಿರಬೇಕು. ಪೊಟ್ಟಣದ ಮೇಲೆ, ಕಹಿಗೆ ಕಾರಣವಾದ ಆಲ್ಫಾ ಆಮ್ಲದ ಶೇಕಡಾವಾರು ಪ್ರಮಾಣ ಅಚ್ಚಾಗಿರುತ್ತದೆ. ಪುಸ್ತಕವು ಶೇ. 5ರ ಗೋಲ್ಡಿಂಗ್ಸ್ 40 ಗ್ರಾಂ ಕೇಳಿದ್ದರೆ, ಅಂದರೆ 40 ಐದಲೆ 200 ಆಗಿದ್ದರೆ, ನಿಮ್ಮಲ್ಲಿರುವ ಶೇ. 12ರ ಮ್ಯಾಗ್ನಮ್ ಹಾಪ್‌ನಿಂದ ಆ 200ನ್ನು ಭಾಗಿಸಿ. ಸುಮಾರು 17 ಗ್ರಾಂ ಸಾಕಾಗುತ್ತದೆ. ಪರಿಮಳದ ವಿಷಯದಲ್ಲಿ ಇಷ್ಟು ಸಲಿಗೆ ಸಲ್ಲದು. ಕೆಂಟ್ ಪ್ರಾಂತ್ಯದ ಗೋಲ್ಡಿಂಗ್ಸ್ ಮತ್ತು ಫಗಲ್ ಹಾಪ್‌ಗಳಿಗೆ ಮಣ್ಣು, ಒಣಹುಲ್ಲು, ಸೌಮ್ಯವಾದ ಹೂವಿನ ವಾಸನೆಯಿದೆ. ನಿಮ್ಮ ಅಂಗಡಿಯ ವಿಲಮೆಟ್ ಹಾಪ್ ಫಗಲ್‌ನಿಂದಲೇ ಹುಟ್ಟಿದ ತಳಿ, 1970ರ ದಶಕದಲ್ಲಿ ಅಮೆರಿಕದ ರೈತರ ಕೈಸೇರಿದ್ದು. ಅದನ್ನು ಕಣ್ಣುಮುಚ್ಚಿ ಬಳಸಬಹುದು. ಸ್ಲೊವೇನಿಯಾದಿಂದ ಬರುವ ಸ್ಟೈರಿಯನ್ ಗೋಲ್ಡಿಂಗ್ಸ್ ಕೂಡ ಹೆಸರಿನಲ್ಲಿ ಗೋಲ್ಡಿಂಗ್ಸ್ ಆಗಿದ್ದರೂ ಮೂಲದಲ್ಲಿ ಫಗಲ್ಲೇ, ಆದ್ದರಿಂದ ಅದೂ ಸರಿಹೊಂದುತ್ತದೆ. ಕ್ಯಾಸ್ಕೇಡ್‌ನ ವಂಶದಲ್ಲಿಯೂ ಫಗಲ್ ಇದೆಯಾದರೂ ಅದರ ಚಕೋತದ ವಾಸನೆ ಬಿಟರ್‌ಗೆ ಒಗ್ಗುವುದಿಲ್ಲ. ಕ್ಯಾಸ್ಕೇಡ್ ಹಾಕಿದರೆ ಪಾನೀಯ ಕೆಡುವುದಿಲ್ಲ, ಆದರೆ ಅದು ಶೆಫೀಲ್ಡಿನದಾಗಿ ಉಳಿಯದೆ ಅಮೆರಿಕದ ಪೇಲ್ ಏಲ್ ಆಗುತ್ತದೆ.

ಬರ್ಟನ್ ನೀರೆಂದರೆ ಸ್ಟಾಫರ್ಡ್‌ಶೈರ್‌ನ ಬರ್ಟನ್ ಅಪಾನ್ ಟ್ರೆಂಟ್ ಪಟ್ಟಣದ ಬಾವಿಗಳ ನೀರು. ಜಿಪ್ಸಮ್ ಪದರಗಳ ನಡುವೆ ಹಾದುಬರುವುದರಿಂದ ಅದರಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಬಹಳ. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತಕ್ಕೆ ಹಡಗುಗಳಲ್ಲಿ ಬರುತ್ತಿದ್ದ ಪೇಲ್ ಏಲ್‌ನ ವ್ಯಾಪಾರವನ್ನು ಲಂಡನ್ನಿನವರಿಂದ ಬರ್ಟನ್ನಿನವರು ಕಸಿದುಕೊಂಡದ್ದರಲ್ಲಿ ಈ ನೀರಿನ ಪಾತ್ರ ದೊಡ್ಡದು, ಏಕೆಂದರೆ ಸಲ್ಫೇಟ್ ಇದ್ದಲ್ಲಿ ಹಾಪ್‌ನ ಕಹಿ ನಾಲಿಗೆಗೆ ಸ್ವಚ್ಛವಾಗಿ, ಒಣಗಿದಂತೆ ತಾಗುತ್ತದೆ. ನೀವು ಅಷ್ಟು ದೂರ ಹೋಗಬೇಕಿಲ್ಲ. ನಿಮ್ಮ ನಗರಸಭೆಯ ನೀರಿನ ವರದಿಯನ್ನು ನೋಡಿ, ಸಲ್ಫೇಟ್ ಕಡಿಮೆಯಿದ್ದರೆ 28 ಲೀಟರ್‌ಗೆ 5 ಗ್ರಾಂ ಆಹಾರ ದರ್ಜೆಯ ಜಿಪ್ಸಮ್ ಸೇರಿಸಿ; ಲೀಟರ್‌ಗೆ ಸುಮಾರು 100 ಮಿಲಿಗ್ರಾಂ ಸಲ್ಫೇಟ್ ಹೆಚ್ಚುತ್ತದೆ. ಹೊಲಕ್ಕೆ ಹಾಕುವ ಜಿಪ್ಸಮ್ ಬೇಡವೇ ಬೇಡ. ನಲ್ಲಿಯ ನೀರಿಗೆ ಕ್ರಿಮಿನಾಶಕವಾಗಿ ಕ್ಲೋರಮೈನ್ ಹಾಕುವ ಊರಾದರೆ, ಅದು ಕುದಿಸಿದರೂ ಸುಲಭಕ್ಕೆ ಹೋಗದೆ ಏಲ್‌ಗೆ ಔಷಧಿಯ ವಾಸನೆ ತರುತ್ತದೆ. ಅಷ್ಟು ನೀರಿಗೆ ಕ್ಯಾಂಪ್ಡೆನ್ ಎಂಬ ಸಲ್ಫೈಟ್ ಮಾತ್ರೆಯ ಅರ್ಧ ಭಾಗವನ್ನು ಪುಡಿಮಾಡಿ ಕಲಕಿದರೆ ಕೆಲವೇ ನಿಮಿಷಗಳಲ್ಲಿ ತೊಲಗುತ್ತದೆ.

ಇನ್ನು ಯೀಸ್ಟ್. ಇಂಗ್ಲಿಷ್ ಏಲ್‌ನಲ್ಲಿ ಸಿಗುವ ಮಾಗಿದ ಸೇಬು, ಪೇರಳೆ ಹಣ್ಣಿನ ಎಳೆಯನ್ನು ಹಾಕಿದವರು ಯಾರೂ ಇಲ್ಲ, ಅದು ಹುದುಗುವಾಗ ಯೀಸ್ಟೇ ಹುಟ್ಟಿಸುವ, ಹಣ್ಣಿನ ವಾಸನೆಯ ಎಸ್ಟರ್‌ಗಳಿಂದ ಬಂದದ್ದು. ಅದೂ ಅಲ್ಲದೆ ಈ ತಳಿಗಳು ಮಾಲ್ಟ್‌ನ ಸಕ್ಕರೆಯನ್ನು ಪೂರ್ತಿ ತಿಂದುಹಾಕದೆ ಸ್ವಲ್ಪ ಉಳಿಸುತ್ತವೆ, ಕೆಲಸ ಮುಗಿದೊಡನೆ ಗಟ್ಟಿಯಾಗಿ ತಳ ಸೇರುತ್ತವೆ. ಅಮೆರಿಕದ ಸಾಮಾನ್ಯ ಏಲ್ ಯೀಸ್ಟ್ ಇವ್ಯಾವನ್ನೂ ಹೀಗೆ ಮಾಡುವುದಿಲ್ಲ. ಅದರ ಗುಣವೇ ತನ್ನ ಗುರುತು ಬಿಡದಿರುವುದು. ಸೇಫ್‌ಏಲ್ ಎಸ್-04, ಅಥವಾ ಲಾಲ್‌ಮಂಡ್ ಕಂಪನಿಯ ಲಂಡನ್ ಹೆಸರಿನ ಒಣ ಯೀಸ್ಟ್, ಇವೆರಡರಲ್ಲಿ ಒಂದನ್ನು ತರಿಸಿಕೊಳ್ಳಿ. ಪೊಟ್ಟಣ ಹಗುರ, ಅಂಚೆ ವೆಚ್ಚವೂ ಕಡಿಮೆ. ತಳದಲ್ಲಿ ಜೀವಂತ ಯೀಸ್ಟ್ ಇರುವ ಇಂಗ್ಲಿಷ್ ಏಲ್ ಬಾಟಲಿಯಿಂದ ಯೀಸ್ಟ್ ಬೆಳೆಸಿಕೊಳ್ಳುವವರೂ ಇದ್ದಾರೆ, ಆದರೆ ಕೆಲವು ತಯಾರಕರು ಬಾಟಲಿಗೆಂದು ಬೇರೆಯೇ ಯೀಸ್ಟ್ ಹಾಕುವುದರಿಂದ ಮೊದಲ ಸಲಕ್ಕೆ ಆ ದಾರಿ ಬೇಡ.

20 ಲೀಟರ್ ಬಿಟರ್‌ಗೆ ನಿಮ್ಮ ಊರಿನ ಸಾಮಗ್ರಿಯಿಂದಲೇ ಮಾಡಬಹುದಾದ ಒಂದು ಪಾಕವನ್ನು ಹೇಳುತ್ತೇವೆ. ಎರಡು ಸಾಲಿನ ಮಾಲ್ಟ್ 3.1 ಕಿಲೋ, ಮ್ಯೂನಿಕ್ 300 ಗ್ರಾಂ, ಕ್ಯಾರಮೆಲ್ ಮಾಲ್ಟ್ 200 ಗ್ರಾಂ, ಇವನ್ನು ಹೊಟ್ಟು ಪುಡಿಯಾಗದಂತೆ ರವೆಯಷ್ಟು ದಪ್ಪಕ್ಕೆ ಒಡೆಸಿ. 10 ಲೀಟರ್ ನೀರನ್ನು 74 ಡಿಗ್ರಿಗೆ ಕಾಯಿಸಿ, ಶಾಖ ಆರದ ಪೆಟ್ಟಿಗೆಯಲ್ಲಿ ಕಾಳಿನೊಂದಿಗೆ ಕಲಸಿದರೆ ಮಿಶ್ರಣ 67 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಅಲ್ಲಿಯೇ ಒಂದು ಗಂಟೆ ಮುಚ್ಚಿಡಿ. ಈ ಒಂದು ಗಂಟೆಯಲ್ಲಿ ಬಾರ್ಲಿಯ ಕಿಣ್ವಗಳು ಪಿಷ್ಟವನ್ನು ಸಕ್ಕರೆಯಾಗಿಸುತ್ತವೆ. ತಾಪ 63ಕ್ಕೆ ಇಳಿದರೆ ಏಲ್ ತೆಳ್ಳಗಾಗುತ್ತದೆ, 70 ದಾಟಿದರೆ ಹುದುಗದ ಸಿಹಿ ಉಳಿಯುತ್ತದೆ. ಬಳಿಕ ರಸವನ್ನು ಕೆಳಗಿನಿಂದ ನಿಧಾನವಾಗಿ ಬಸಿಯುತ್ತ, ಮೇಲಿನಿಂದ 76 ಡಿಗ್ರಿಯ ನೀರನ್ನು ಚಿಮುಕಿಸುತ್ತ ಒಟ್ಟು 24 ಲೀಟರ್ ಸಂಗ್ರಹಿಸಿ. ಅದು ಕುದಿಯಲಾರಂಭಿಸಿದಾಗ ಮೇಲಿನ ಲೆಕ್ಕದಷ್ಟು ಕಹಿ ಹಾಪ್ ಹಾಕಿ ಒಂದು ಗಂಟೆ ಕುದಿಸಿ. ಮುಗಿಯಲು ಕಾಲು ಗಂಟೆ ಇದೆ ಎನ್ನುವಾಗ 20 ಗ್ರಾಂ ವಿಲಮೆಟ್, 200 ಗ್ರಾಂ ಇನ್‌ವರ್ಟ್ ಸಕ್ಕರೆ (ಮಾಡುವ ಬಗೆ ಮುಂದಿನ ಉತ್ತರದಲ್ಲಿದೆ), ಉರಿ ಆರಿಸುವಾಗ ಇನ್ನೊಂದು 15 ಗ್ರಾಂ ವಿಲಮೆಟ್. ಆಮೇಲೆ ತಾಮ್ರದ ಸುರುಳಿಯಲ್ಲಿ ತಣ್ಣೀರು ಹಾಯಿಸಿಯೋ, ಪಾತ್ರೆಯನ್ನು ಮಂಜುಗಡ್ಡೆಯ ನೀರಿನಲ್ಲಿಟ್ಟೋ ಬೇಗನೆ 18 ಡಿಗ್ರಿಗೆ ತಂದು ಯೀಸ್ಟ್ ಉದುರಿಸಿ. ತಣಿದ ಮೇಲೆ ರಸಕ್ಕೆ ತಾಗುವ ಚಮಚ, ಕೊಳವೆ, ಮುಚ್ಚಳ ಎಲ್ಲವೂ ಸೋಂಕುನಿವಾರಕದಲ್ಲಿ ಅದ್ದಿದವಾಗಿರಲಿ. ರಸದ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಆರಂಭದಲ್ಲಿ 1.042ರ ಹತ್ತಿರ, ಒಂದು ವಾರದ ನಂತರ 1.010ರ ಹತ್ತಿರ ತೋರಿಸಬೇಕು, ಮದ್ಯಸಾರ ಶೇ. 4.2ರಷ್ಟಾಗುತ್ತದೆ. ಹುದುಗುವ ಕೋಣೆಯ ತಾಪಕ್ಕಿಂತ ಪಾತ್ರೆಯೊಳಗಿನ ತಾಪ ಎರಡು ಮೂರು ಡಿಗ್ರಿ ಹೆಚ್ಚಿರುತ್ತದೆ ಎಂಬುದು ನೆನಪಿರಲಿ. 24 ದಾಟಿದರೆ ಹಣ್ಣಿನ ಎಳೆ ಹೋಗಿ ನೇಲ್ ಪಾಲಿಶ್ ತೆಗೆಯುವ ದ್ರವದ ಘಾಟು ಬರುತ್ತದೆ.

ಪ್ರಶ್ನೆ: ನಮ್ಮದು ಮಂಡ್ಯ ಕಡೆಯ ಕಬ್ಬು ಬೆಳೆಯುವ ಕುಟುಂಬ, ಈಗ ಮೆಲ್ಬರ್ನ್‌ನಲ್ಲಿದ್ದೇವೆ. ಇಂಗ್ಲಿಷ್ ಏಲ್‌ಗೆ ಬೇಕಾದ ಇನ್‌ವರ್ಟ್ ಸಕ್ಕರೆ ಇಲ್ಲಿ ಸಿಗಲಿಲ್ಲ. ಭಾರತೀಯ ಅಂಗಡಿಯಲ್ಲಿ ಸಿಗುವ ಬೆಲ್ಲವನ್ನು ಹಾಕಬಹುದೇ?

ಉತ್ತರ: ಹಾಕಬಹುದು, ಆದರೆ ಅಚ್ಚಿನ ಬೆಲ್ಲವೆಲ್ಲ ಒಂದೇ ಅಲ್ಲ ಎಂಬುದು ನಿಮಗೆ ಹೇಳಿಕೊಡಬೇಕಾದ ಸಂಗತಿಯೇನಲ್ಲ. ಬ್ರಿಟನ್ನಿನಲ್ಲಿ ಏಲ್‌ಗೆ ಸಕ್ಕರೆ ಸೇರಿಸಲು 1847ರಲ್ಲಿ ಅನುಮತಿ ದೊರೆಯಿತು, 1880ರಲ್ಲಿ ಪ್ರಧಾನಿ ಗ್ಲ್ಯಾಡ್‌ಸ್ಟನ್ ತೆರಿಗೆ ಪದ್ಧತಿಯನ್ನೇ ಬದಲಿಸಿ ಮಾಲ್ಟ್‌ನ ಬದಲು ತಯಾರಾದ ರಸದ ಮೇಲೆ ಸುಂಕ ಹಾಕಿದ ಬಳಿಕ ತಯಾರಕರು ತಮಗೆ ಬೇಕಾದ ಪದಾರ್ಥ ಬಳಸಲು ಸ್ವತಂತ್ರರಾದರು. ಅಲ್ಲಿಂದೀಚೆಗೆ ಬಣ್ಣಕ್ಕನುಗುಣವಾಗಿ ಒಂದು, ಎರಡು, ಮೂರು ಎಂದು ಅಂಕಿ ಹಚ್ಚಿದ ಇನ್‌ವರ್ಟ್ ಸಕ್ಕರೆ ಬಿಟರ್ ಮತ್ತು ಮೈಲ್ಡ್ ಏಲ್‌ಗಳ ಭಾಗವೇ ಆಗಿಹೋಯಿತು. ಸಕ್ಕರೆ ಎಂದರೆ ಕಲಬೆರಕೆ ಎಂದು ಮೂಗು ಮುರಿಯುವವರು ಈ ಇತಿಹಾಸವನ್ನು ಗಮನಿಸಬೇಕು. ಅದರ ಕೆಲಸ ಎರಡು: ಪೂರ್ತಿಯಾಗಿ ಹುದುಗಿ ಏಲ್‌ನ ಮೈ ಹಗುರಗೊಳಿಸುವುದು, ಜೊತೆಗೆ ಕಾಕಂಬಿಯ ಮತ್ತು ಒಣಹಣ್ಣಿನ ಛಾಯೆಯನ್ನು ಬಿಡುವುದು.

ಇನ್‌ವರ್ಟ್ ಸಕ್ಕರೆಯನ್ನು ಮನೆಯಲ್ಲೇ ಮಾಡಿಕೊಳ್ಳುವುದು ನಿಮಗೆ ಕಷ್ಟವಾಗಲಾರದು. ಶುದ್ಧೀಕರಿಸದ ಕಂದು ಕಬ್ಬಿನ ಸಕ್ಕರೆ ಅರ್ಧ ಕಿಲೋ, ನೀರು ಕಾಲು ಲೀಟರ್, ಸಿಟ್ರಿಕ್ ಆಮ್ಲ ಕಾಲು ಚಿಕ್ಕ ಚಮಚ. ಇವನ್ನು ದಪ್ಪ ತಳದ ಪಾತ್ರೆಯಲ್ಲಿ ಸಣ್ಣ ಉರಿಯ ಮೇಲಿಡಿ. ಪಾಕ 115 ಡಿಗ್ರಿಯ ಆಸುಪಾಸಿಗೆ ಬರಬೇಕು. ಥರ್ಮಾಮೀಟರ್ ಇಲ್ಲದಿದ್ದರೆ ಕಜ್ಜಾಯಕ್ಕೆ ನೋಡುವ ಪರೀಕ್ಷೆಯೇ ಸಾಕು: ತಣ್ಣೀರಿನ ಬಟ್ಟಲಿಗೆ ಒಂದು ಹನಿ ಬಿಟ್ಟು ಬೆರಳಲ್ಲಿ ಕೂಡಿಸಿದರೆ ಅದು ಮೆತ್ತನೆಯ ಉಂಡೆಯಾಗಬೇಕು, ನೀರಿನಲ್ಲಿ ಹರಡಲೂಬಾರದು, ಗಟ್ಟಿಯಾಗಿ ಟಣ್ಣೆನ್ನಲೂಬಾರದು. ಕಜ್ಜಾಯಕ್ಕಾದರೆ ಆ ಹದದಲ್ಲಿ ಇಳಿಸಿ ಹಿಟ್ಟು ಬೆರೆಸುತ್ತೇವೆ. ಇಲ್ಲಿ ಮಾತ್ರ ಆಗಾಗ ಒಂದೊಂದು ಚಮಚ ಬಿಸಿನೀರು ಚಿಮುಕಿಸುತ್ತ ಅದೇ ಹದದಲ್ಲಿ ನಿಲ್ಲಿಸಬೇಕು. ಇಪ್ಪತ್ತು ನಿಮಿಷ ದಾಟಿದರೆ ಹೊಂಬಣ್ಣ, ಇನ್ನೂ ಹೊತ್ತು ಬಿಟ್ಟರೆ ಜೇನಿನ ಕೆಂಪು, ಎರಡು ಗಂಟೆಯ ಸುಮಾರಿಗೆ ಕಡುಗೆಂಪು. ಬಿಟರ್‌ಗೆ ನಡುವಿನ ಬಣ್ಣವೇ ಸರಿ. ಆಮ್ಲ ಸೇರಿರುವುದರಿಂದ ಅದು ತಣಿದ ಮೇಲೆ ಹರಳುಗಟ್ಟುವುದಿಲ್ಲ.

ಬೆಲ್ಲವನ್ನೇ ಹಾಕುವುದಾದರೆ ಕಡುಬಣ್ಣದ್ದನ್ನು ಆರಿಸಿ. ಹಳದಿಯಾಗಿ ಹೊಳೆಯುವ ಬೆಲ್ಲಕ್ಕೆ ಆಲೆಮನೆಯಲ್ಲಿ ಗಂಧಕಯುಕ್ತ ಬಿಳುಪುಕಾರಕ ಬಿದ್ದಿರುವ ಸಂಭವ ಹೆಚ್ಚು, ಅದು ಏಲ್‌ಗೆ ಒಳ್ಳೆಯದಲ್ಲ. 20 ಲೀಟರ್‌ಗೆ 250 ಗ್ರಾಂ ಮೀರಬಾರದು. ಬೆಲ್ಲದಲ್ಲಿ ಸಕ್ಕರೆಯ ಜೊತೆಗೆ ಖನಿಜ ಲವಣಗಳೂ ಇರುವುದರಿಂದ ಪ್ರಮಾಣ ಏರಿದರೆ ನಾಲಿಗೆಯ ಹಿಂಬದಿಯಲ್ಲಿ ಉಪ್ಪುಪ್ಪಾದ ರುಚಿ ಉಳಿಯುತ್ತದೆ. ಮೊದಲು ಸ್ವಲ್ಪ ಬಿಸಿನೀರಿನಲ್ಲಿ ಕರಗಿಸಿ ಬಟ್ಟೆಯಲ್ಲಿ ಸೋಸಿ, ಕಬ್ಬಿನ ನಾರು, ಮರಳು ತಳದಲ್ಲಿ ಕಾಣುತ್ತದೆ. ರಸಕ್ಕೆ ಸುರಿಯುವಾಗ ಉರಿ ಆರಿಸಿ, ಚೆನ್ನಾಗಿ ಕಲಕಿದ ಮೇಲೆಯೇ ಮತ್ತೆ ಹೊತ್ತಿಸಿ, ಇಲ್ಲವಾದರೆ ತಳ ಹಿಡಿದು ಸೀಯುತ್ತದೆ.

ಪ್ರಶ್ನೆ: ಮಂಗಳೂರಿನ ನಮ್ಮ ಮನೆಯಲ್ಲಿ ಸನ್ನಾಸ್ ಹಿಟ್ಟಿಗೆ ಶೇಂದಿ ಹಾಕಿ ಉಬ್ಬಿಸುತ್ತಿದ್ದರು. ಈಗ ಇಂಗ್ಲೆಂಡಿನ ರೆಡಿಂಗ್‌ನಲ್ಲಿದ್ದೇನೆ. ಇಲ್ಲಿ ಬ್ರೆಡ್ ಯೀಸ್ಟ್ ಬಳಸಿ ಸನ್ನಾಸ್ ಮಾಡುತ್ತೇವೆ. ಅದೇ ಯೀಸ್ಟ್‌ನಿಂದ ಏಲ್ ಏಕೆ ಮಾಡಬಾರದು? ಜಾತಿ ಒಂದೇ ಎನ್ನುತ್ತಾರಲ್ಲ?

ಉತ್ತರ: ಜಾತಿ ಒಂದೇ ನಿಜ. ಇಂಗ್ಲೆಂಡಿನಲ್ಲಿ ಹಿಂದೆ ಬ್ರೆಡ್ ಮಾಡುವವರು ಏಲ್ ಹುದುಗುವಾಗ ಮೇಲೆ ಬರುವ ನೊರೆಯನ್ನು ತಂದು ಹಿಟ್ಟು ಉಬ್ಬಿಸುತ್ತಿದ್ದರು, ಅಂದರೆ ನಿಮ್ಮ ಮನೆಯ ಶೇಂದಿಯ ಕ್ರಮಕ್ಕೂ ಅಲ್ಲಿಯದಕ್ಕೂ ವ್ಯತ್ಯಾಸವಿರಲಿಲ್ಲ. ಆದರೆ ಆ ಬಳಿಕ ಎರಡನ್ನೂ ಬೇರೆ ಬೇರೆ ಗುಣಕ್ಕಾಗಿ ಆಯ್ದು ಬೆಳೆಸಿದ್ದಾರೆ. ಬ್ರೆಡ್ ಯೀಸ್ಟ್‌ನಿಂದ ನಿರೀಕ್ಷಿಸುವುದು ಬೇಗನೆ ಅನಿಲ ಬಿಡುವುದನ್ನು ಮಾತ್ರ; ಅದು ತಳ ಸೇರುವುದೇ ಅಥವಾ ಎರಡು ವಾರದ ನಂತರ ಯಾವ ರುಚಿ ಬಿಡುವುದು ಎಂಬುದು ಬ್ರೆಡ್‌ಗೆ ಮುಖ್ಯವಲ್ಲ. ಏಲ್‌ಗೆ ಹಾಕಿದರೆ ಹುದುಗುತ್ತದೆ, ಆದರೆ ಬಹುಕಾಲ ಮಬ್ಬಾಗಿಯೇ ಉಳಿದು ಹಸಿ ಹಿಟ್ಟಿನ ಅಥವಾ ಲವಂಗದ ವಾಸನೆ ಹೊರುತ್ತದೆ. ಶೇಂದಿಯ ಮಾತು ಇನ್ನೂ ಬೇರೆ. ಅದರಲ್ಲಿ ಯೀಸ್ಟಿನ ಜೊತೆಗೆ ಹುಳಿ ಬರಿಸುವ ಬ್ಯಾಕ್ಟೀರಿಯಗಳೂ ಇವೆ; ಬೆಳಗ್ಗೆ ಇಳಿಸಿದ್ದು ಮರುದಿನಕ್ಕೆ ಹುಳಿಯೇರುವುದು ಅದರಿಂದಲೇ. ಸನ್ನಾಸ್‌ಗೆ ಆ ಹುಳಿ ಬೇಕು, ವಾರಗಟ್ಟಲೆ ನಿಲ್ಲಬೇಕಾದ ಬಿಟರ್‌ಗೆ ಬೇಡ. ರೆಡಿಂಗ್‌ನಂಥ ಊರಿನಲ್ಲಿ ಏಲ್ ಯೀಸ್ಟ್ ಸುಲಭವಾಗಿ ಸಿಗುವಾಗ ಇಂಥ ಉಳಿತಾಯದಲ್ಲಿ ಅರ್ಥವಿಲ್ಲ.

ಪ್ರಶ್ನೆ: ನಾನು ಕೊವೆಂಟ್ರಿಯಲ್ಲಿರುವ ತುಮಕೂರಿನವನು. ಬಾರ್ಲಿ ಮಾಲ್ಟ್‌ನ ಬದಲು ರಾಗಿ ಮಾಲ್ಟ್ ಬಳಸಿ ಏಲ್ ಮಾಡಬಹುದೇ? ಇಲ್ಲಿಯ ಅಂಗಡಿಗಳಲ್ಲಿ ರಾಗಿ ಮಾಲ್ಟ್ ಪೊಟ್ಟಣ ಸಿಗುತ್ತದೆ.

ಉತ್ತರ: ಪೊಟ್ಟಣದ ರಾಗಿ ಮಾಲ್ಟ್ ಬೇಡ. ಅದರಲ್ಲಿ ಬಹುಪಾಲು ಹುರಿದ ಹಿಟ್ಟು, ಸಕ್ಕರೆ, ಏಲಕ್ಕಿ, ಕೆಲವದರಲ್ಲಿ ಹಾಲಿನ ಪುಡಿಯೂ ಇರುತ್ತದೆ. ಹುರಿದಾಗ ಕಿಣ್ವಗಳು ಸತ್ತುಹೋಗುತ್ತವೆ, ಹಾಲಿನ ಕೊಬ್ಬು ನೊರೆಯನ್ನು ಕೊಲ್ಲುತ್ತದೆ. ಹಾಲು ಬೆರೆತ ಮಾಲ್ಟ್ ಪಾನೀಯದ ಪುಡಿಗಳಿಗೂ ಇದೇ ಮಾತು. ನೀವೇ ಮೊಳಕೆ ಕಟ್ಟಿ ನೆರಳಲ್ಲಿ ಒಣಗಿಸಿದ ರಾಗಿಯಲ್ಲಿ ಕಿಣ್ವಗಳು ಚೆನ್ನಾಗಿಯೇ ಇರುತ್ತವೆ, ಆದರೆ ಎರಡು ಅಡ್ಡಿಗಳಿವೆ. ರಾಗಿಯ ಪಿಷ್ಟ ಅರಳಲು ಬಾರ್ಲಿಯ ಪಿಷ್ಟಕ್ಕಿಂತ ಹೆಚ್ಚು ಬಿಸಿ ಬೇಕು. ಜೊತೆಗೆ, ಬಾರ್ಲಿಯ ಹೊಟ್ಟು ರಸ ಬಸಿಯುವಾಗ ಸೋಸುವ ಹಾಸಿನಂತೆ ಕೆಲಸ ಮಾಡುತ್ತದೆ, ರಾಗಿಯಲ್ಲಿ ಅಂಥ ಹೊಟ್ಟಿಲ್ಲ. ಹಿಟ್ಟು ಮಾಡಿ ಸುರಿದರೆ ಬಸಿಯುವ ಕೊಳವೆ ಕಟ್ಟಿಕೊಂಡು ಇಡೀ ಮಧ್ಯಾಹ್ನ ಹಾಳಾಗುತ್ತದೆ. ಒಟ್ಟು ಕಾಳಿನ ಹತ್ತರಲ್ಲೊಂದು ಪಾಲು ರಾಗಿಯನ್ನು ದಪ್ಪಗೆ ಒಡೆದು, ಗಂಜಿ ಕಾಯಿಸಿ, ಬಾರ್ಲಿಯ ಮಿಶ್ರಣಕ್ಕೆ ಸೇರಿಸಿದರೆ ಬಾರ್ಲಿಯ ಕಿಣ್ವಗಳೇ ಅದನ್ನೂ ಸಂಭಾಳಿಸುತ್ತವೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಓಟ್ಸ್ ಬೆರೆಸಿದ ಏಲ್ ಸಾಮಾನ್ಯವಾಗಿತ್ತು, ಆದ್ದರಿಂದ ಬೇರೆ ಧಾನ್ಯ ಸೇರಿಸುವುದು ಅಪಚಾರವೇನೂ ಅಲ್ಲ. ರಾಗಿಯದೇ ರುಚಿ ಗೆದ್ದು ಬರಬೇಕೆಂಬ ಆಸೆಯಿದ್ದರೆ ಮಾತ್ರ ಇಂಗ್ಲಿಷ್ ಏಲ್ ಎಂಬ ಹೆಸರನ್ನು ಬಿಟ್ಟು ಬೇರೆಯದೇ ಪಾನೀಯವೆಂದು ತಿಳಿದು ಪ್ರಯೋಗ ಮಾಡುವುದು ಉತ್ತಮ.

ಪ್ರಶ್ನೆ: ಲಂಡನ್ನಿನ ಹ್ಯಾರೋದಲ್ಲಿರುವ ನಾವು ಸಸ್ಯಾಹಾರಿಗಳು. ಪಬ್ಬಿನ ಏಲ್ ತಿಳಿಗೊಳಿಸಲು ಮೀನಿನ ಭಾಗವೊಂದನ್ನು ಬಳಸುತ್ತಾರೆಂದು ಸ್ನೇಹಿತರೊಬ್ಬರು ಹೇಳಿದ ಮೇಲೆ ಕುಡಿಯುವುದನ್ನೇ ಬಿಟ್ಟಿದ್ದೇವೆ. ಇದು ನಿಜವೇ? ಮನೆಯಲ್ಲಿ ಮಾಡಿದರೆ ಅದಕ್ಕೆ ಬದಲಿ ಏನು?

ಉತ್ತರ: ನಿಜ. ಐಸಿಂಗ್ಲಾಸ್ ಎಂಬ ಆ ಪದಾರ್ಥವನ್ನು ಮೀನಿನ ಗಾಳಿಚೀಲದಿಂದ ತಯಾರಿಸುತ್ತಾರೆ. ಪೀಪಾಯಿಯೊಳಗೆ ತೇಲುವ ಯೀಸ್ಟನ್ನು ಅದು ಗುಂಪುಗೂಡಿಸಿ ತಳಕ್ಕೆ ಎಳೆಯುತ್ತದೆ. ಹದಿನೆಂಟನೆಯ ಶತಮಾನದಲ್ಲಿ ಇದು ರಷ್ಯಾದ ಸ್ಟರ್ಜನ್ ಮೀನಿನಿಂದ ಬರುತ್ತಿದ್ದು ಬಲು ದುಬಾರಿಯಾಗಿತ್ತು. ಅನಿಲ ದೀಪದಿಂದ ಹೆಸರಾದ ಎಂಜಿನಿಯರ್ ವಿಲಿಯಂ ಮರ್ಡಾಕ್ ಕಾಡ್ ಮೀನಿನಿಂದ ಅಗ್ಗದ ಬದಲಿಯನ್ನು ಸಿದ್ಧಪಡಿಸಿದ್ದು, ಅದರ ಹಕ್ಕಿಗಾಗಿ ಲಂಡನ್ನಿನ ತಯಾರಕರು ಅವನಿಗೆ 2,000 ಪೌಂಡ್ ಕೊಟ್ಟದ್ದು ಪದಾರ್ಥ ಬದಲಿಸುವವರ ಇತಿಹಾಸದಲ್ಲಿ ನಮಗೆ ಬಹಳ ಇಷ್ಟವಾದ ಪ್ರಸಂಗ. ಆದರೆ ಅದು ಮೀನಿಗೆ ಮೀನೇ ಬದಲಿಯಾದ್ದರಿಂದ ನಿಮಗೆ ಉಪಯೋಗವಿಲ್ಲ. ಜೆಲಟಿನ್ ಕೂಡ ಪ್ರಾಣಿಜನ್ಯವೇ. ಐರಿಷ್ ಮಾಸ್ ಎಂಬ ಕಡಲಪಾಚಿ ಸಸ್ಯಮೂಲದ್ದು, ಕುದಿ ಮುಗಿಯುವ ಕಾಲು ಗಂಟೆ ಮೊದಲು ಅರ್ಧ ಚಿಕ್ಕ ಚಮಚ ಹಾಕಿದರೆ ಸಾಕು, ಆದರೆ ಅದು ಹಿಡಿಯುವುದು ಮಾಲ್ಟ್‌ನ ಪ್ರೋಟೀನನ್ನು, ಯೀಸ್ಟನ್ನಲ್ಲ. ಯೀಸ್ಟ್‌ಗೆ ಮದ್ದೆಂದರೆ ಚೆನ್ನಾಗಿ ತಳ ಸೇರುವ ಇಂಗ್ಲಿಷ್ ತಳಿ, ತಂಪು ಮತ್ತು ಸಮಯ. ಬಾಟಲಿಗಳನ್ನು ಎರಡು ಮೂರು ವಾರ ತಂಪಾದ ಕಡೆ ನೆಟ್ಟಗೆ ನಿಲ್ಲಿಸಿ, ಸುರಿಯುವಾಗ ಬಾಟಲಿಯನ್ನು ನಡುವೆ ಎತ್ತದೆ ಒಂದೇ ಸಲಕ್ಕೆ ಬಗ್ಗಿಸಿ, ಕೊನೆಯ ಬೆರಳಿನಷ್ಟನ್ನು ಒಳಗೇ ಬಿಟ್ಟರೆ ಲೋಟದಲ್ಲಿ ತಿಳಿಯಾದ ಏಲ್ ದೊರೆಯುತ್ತದೆ. ಐಸಿಂಗ್ಲಾಸ್ ಬಳಸದ ಪೀಪಾಯಿ ಏಲ್ ಕೊಡುವ ತಯಾರಕರೂ ಈಗ ಬ್ರಿಟನ್ನಿನಲ್ಲಿದ್ದಾರೆ, ಕೇಳಿದರೆ ಪಬ್ಬಿನಲ್ಲಿ ಹೇಳುತ್ತಾರೆ.

ಪ್ರಶ್ನೆ: ಲೀಡ್ಸ್‌ನಲ್ಲಿರುವ ಮಗನ ಮನೆಗೆ ಹುಬ್ಬಳ್ಳಿಯಿಂದ ಹೋಗಿದ್ದೆವು. ಪಬ್ಬಿನಲ್ಲಿ ಕೊಟ್ಟ ಏಲ್ ಫ್ರಿಜ್ಜಿನಿಂದ ತೆಗೆದಷ್ಟು ತಣ್ಣಗಿರಲಿಲ್ಲ, ಮೇಲೆ ದಪ್ಪ ನೊರೆಯಿದ್ದರೂ ಬಾಯಲ್ಲಿ ಗ್ಯಾಸ್ ಚುರುಗುಟ್ಟಲಿಲ್ಲ. ಹಳಸಿದ್ದನ್ನು ಕೊಟ್ಟರೇ? ಮಗ ಮನೆಯಲ್ಲಿ ಮಾಡಿದ್ದು ಮಾತ್ರ ಮುಚ್ಚಳ ತೆಗೆದರೆ ಸೂರಿಗೆ ಚಿಮ್ಮುತ್ತಿತ್ತು.

ಉತ್ತರ: ಪಬ್ಬಿನವರು ಕೊಟ್ಟದ್ದು ಸರಿಯಾಗಿಯೇ ಇತ್ತು. ಪೀಪಾಯಿಯೊಳಗೆ ಎರಡನೆಯ ಸಲ ಹುದುಗಿ, ಹೊರಗಿನಿಂದ ಅನಿಲ ತುಂಬದೆ, ಕೈಪಂಪಿನಿಂದ ಎಳೆದು ಕೊಡುವ ಏಲ್ ಅದು. ನೆಲಮಾಳಿಗೆಯ 11ರಿಂದ 13 ಡಿಗ್ರಿಯೇ ಅದರ ಸಹಜ ತಾಪ. ಈ ಪದ್ಧತಿ ನಶಿಸಿಹೋಗುವ ಹಂತದಲ್ಲಿದ್ದಾಗ ಅದನ್ನು ಉಳಿಸಲೆಂದೇ 1971ರಲ್ಲಿ ಕಾಮ್ರಾ ಎಂಬ ಗ್ರಾಹಕರ ಸಂಘಟನೆ ಹುಟ್ಟಿತು. ಯಾರ್ಕ್‌ಷೈರ್ ಕಡೆ ಪಂಪಿನ ಮೂತಿಗೆ ಸಣ್ಣ ರಂಧ್ರಗಳ ಬಿಲ್ಲೆಯೊಂದನ್ನು ಸಿಕ್ಕಿಸುತ್ತಾರೆ, ನೀವು ಕಂಡ ಕೆನೆಯಂಥ ನೊರೆ ಅದರದೇ ಕೆಲಸ. ಲಂಡನ್ನಿನ ಕಡೆ ಅದನ್ನು ಅಷ್ಟಾಗಿ ಬಳಸುವುದಿಲ್ಲ, ಈ ಬಗ್ಗೆ ಉತ್ತರದವರಿಗೂ ದಕ್ಷಿಣದವರಿಗೂ ನಡೆಯುವ ವಾದ ಮುಗಿಯುವಂಥದ್ದಲ್ಲ.

ಮಗನ ಬಾಟಲಿಗಳ ವಿಷಯ ಮಾತ್ರ ಗಂಭೀರವಾದದ್ದು. ಹುದುಗು ಮುಗಿಯುವ ಮೊದಲೇ ತುಂಬಿದರೆ, ಗ್ಯಾಸ್ ಬರಲೆಂದು ತುಂಬುವಾಗ ಬೆರೆಸುವ ಸಕ್ಕರೆ ಹೆಚ್ಚಾದರೆ, ಅಥವಾ ಬಾಟಲಿಯಲ್ಲಿ ಸೋಂಕಿದ್ದರೆ ಒತ್ತಡ ಏರಿ ಗಾಜು ಸಿಡಿಯಬಹುದು. ಇರುವ ಬಾಟಲಿಗಳನ್ನು ದಪ್ಪ ಬಟ್ಟೆ ಸುತ್ತಿ ತಂಪಿನಲ್ಲಿಟ್ಟು, ಕೈಗವಸು ಹಾಕಿಕೊಂಡು ಒಂದೊಂದಾಗಿ ಮುಚ್ಚಳ ಸಡಿಲಿಸಲು ಹೇಳಿ. ಮುಂದಿನ ಸಲ ಹೈಡ್ರೋಮೀಟರ್ ಮೂರು ದಿನ ಒಂದೇ ಅಂಕಿ ತೋರಿಸಿದ ಮೇಲೆ ತುಂಬಲಿ. 20 ಲೀಟರ್‌ಗೆ 75ರಿಂದ 80 ಗ್ರಾಂ ಸಕ್ಕರೆಯನ್ನು ತೂಗಿ, ನೀರಿನಲ್ಲಿ ಕುದಿಸಿ, ಇಡೀ ಪಾತ್ರೆಗೆ ಒಮ್ಮೆಲೇ ಬೆರೆಸಲಿ. ಬಾಟಲಿಗೊಂದು ಚಮಚ ಎಂಬ ಲೆಕ್ಕ ಬೇಡ. ಲಾಗರ್ ಬಿಯರಿಗೆ ಹೇಳುವ 130 ಗ್ರಾಂ ಇಂಗ್ಲಿಷ್ ಬಿಟರ್‌ಗೆ ಅತಿಯಾಗುತ್ತದೆ.

ಪ್ರಶ್ನೆ: ಮೈಸೂರಿನ ಮನೆಯಲ್ಲಿ, ಮಾರಾಟಕ್ಕಲ್ಲದೆ ಸ್ವಂತಕ್ಕೆಂದು ಐದು ಲೀಟರ್ ಏಲ್ ಮಾಡಿದರೆ ತಪ್ಪೇ?

ಉತ್ತರ: ತಪ್ಪು. 1965ರ ಕರ್ನಾಟಕ ಅಬಕಾರಿ ಕಾಯ್ದೆಯಂತೆ ಪರವಾನಗಿ ಇಲ್ಲದೆ ಮದ್ಯ ತಯಾರಿಸುವುದು ಅಪರಾಧ, ಸ್ವಂತಕ್ಕೆ ಎಂಬ ಕಾರಣ ಅಲ್ಲಿ ರಕ್ಷಣೆಯಾಗದು. ಬ್ರಿಟನ್ನಿನಲ್ಲಿ 1963ರಿಂದ ಮನೆ ಬಳಕೆಯ ಏಲ್‌ಗೆ ಪರವಾನಗಿ ಬೇಕಿಲ್ಲ, ಮಾರುವಂತಿಲ್ಲ ಅಷ್ಟೆ. ಅಮೆರಿಕದಲ್ಲಿ ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾನೂನಿನಿಂದ ವಯಸ್ಕರೊಬ್ಬರಿರುವ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಮಂದಿ ಇದ್ದರೆ 200 ಗ್ಯಾಲನ್ ತಯಾರಿಸಲು ತೆರಿಗೆಯಿಲ್ಲ. ಅಲ್ಲಿಯ ರಾಜ್ಯಗಳಿಗೆ ತಮ್ಮದೇ ನಿಯಮಗಳಿರಬಹುದಾದ್ದರಿಂದ ಒಹಾಯೊದ ಓದುಗರೂ ಒಮ್ಮೆ ವಿಚಾರಿಸಿಕೊಳ್ಳಲಿ. ನಿಮಗೆ ರುಚಿ ನೋಡುವ ಕುತೂಹಲವಿದ್ದರೆ, ಪರವಾನಗಿ ಪಡೆದು ಸ್ಥಳದಲ್ಲೇ ಬಿಯರ್ ತಯಾರಿಸುವ ಪಬ್‌ಗಳು ಬೆಂಗಳೂರಿನಲ್ಲಿ ಸಾಕಷ್ಟಿವೆ. ಇಂಗ್ಲಿಷ್ ಶೈಲಿಯ ಏಲ್ ಇದೆಯೇ ಎಂದು ಮೊದಲೇ ಫೋನ್ ಮಾಡಿ ಕೇಳಿಕೊಂಡು ಹೋಗಿ, ಏಕೆಂದರೆ ಅವರ ಪಟ್ಟಿ ಆಗಾಗ ಬದಲಾಗುತ್ತಿರುತ್ತದೆ.